ಹಸು ಮತ್ತು ಎಮ್ಮೆಗಳಲ್ಲಿ ಬೆದೆ ಗುರುತಿಸುವಿಕೆ: ಕೃತಕ ಗರ್ಭಧಾರಣಾ ಸೇವೆ ಪಡೆಯುವ ಪಶುಪಾಲಕರಿಗೆ ಮಾಹಿತಿ

ಕೃತಕ ಗರ್ಭಧಾರಣಾ ಸೇವೆಯನ್ನು ಕೋರಿ ಪಶು ವೈದ್ಯಕೀಯ ಸಂಸ್ಥೆಗಳಿಗೆ ಬರುವ ಪಶುಪಾಲಕರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಎರಡು ಮೂರು ಬಾರಿ ಸೂಜಿ ಹಾಕಿಸಿದರೂ ರಾಸು ಗಬ್ಬ ನಿಲ್ಲುತ್ತಿಲ್ಲವೇಕೆ? ವೀರ್ಯದ ಗುಣಮಟ್ಟ ಸರಿಯಿಲ್ಲವೆಂದು ಕೆಲವರು, ರಾಸು ಗೊಡ್ಡು ಬಿದ್ದಿದೆಯೆಂದು ಮತ್ತೆ ಕೆಲವರು ಭಾವಿಸುತ್ತಾರೆ. ಇಂತಹ ಕಾರಣಗಳು ಇಲ್ಲವೆಂದಲ್ಲ. ಆದರೆ ಬಹಳಷ್ಟು ಪ್ರಕರಣಗಳಲ್ಲಿ ರಾಸು ಆರೋಗ್ಯವಾಗಿರುತ್ತದೆ, ವೀರ್ಯವೂ ಚೆನ್ನಾಗಿರುತ್ತದೆ. ತಪ್ಪಿರುವುದು ಸಮಯ ಮಾತ್ರ. ರಾಸು ಬೆದೆಗೆ ಬಂದುದನ್ನು ಮಾಲೀಕರು ತಡವಾಗಿ ಗಮನಿಸಿರುತ್ತಾರೆ ಅಥವಾ ಗಮನಿಸಿಯೇ ಇರುವುದಿಲ್ಲ.

ಒಂದು ಬೆದೆ ಕೈತಪ್ಪಿದರೆ ಮುಂದಿನ ಬೆದೆಗೆ 21 ದಿನ ಕಾಯಬೇಕಾಗುತ್ತದೆ. ಎರಡು ಬೆದೆ ತಪ್ಪಿದರೆ ಒಂದೂವರೆ ತಿಂಗಳು. ಈ ಅವಧಿಯಲ್ಲಿ ಮೇವು, ಹಿಂಡಿ, ಆಳಿನ ಖರ್ಚು ಯಾವುದೂ ನಿಲ್ಲುವುದಿಲ್ಲ. ಮುಂದಿನ ಕರು ಮತ್ತು ಮುಂದಿನ ಸೂಲಿನ ಹಾಲು ಮಾತ್ರ ಅಷ್ಟು ದಿನ ಹಿಂದಕ್ಕೆ ಹೋಗುತ್ತದೆ. ಒಂದೆರಡು ರಾಸುಗಳನ್ನೇ ನಂಬಿರುವ ಕುಟುಂಬಕ್ಕೆ ಇದು ಸಣ್ಣ ನಷ್ಟವಲ್ಲ. ಆದುದರಿಂದ ಸೇವೆ ಪಡೆಯಲು ಬರುವ ಮೊದಲು ರಾಸುಗಳ ಸಂತಾನ ವರ್ತನೆಯ ಬಗ್ಗೆ ಪಶುಪಾಲಕರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಬೆದೆ ಎಂದರೇನು?

ಹಸು ಮತ್ತು ಎಮ್ಮೆ ಎಲ್ಲ ದಿನಗಳಲ್ಲಿಯೂ ಗಂಡು ಪ್ರಾಣಿಯನ್ನು ಸ್ವೀಕರಿಸುವುದಿಲ್ಲ. ಅಂಡಾಶಯದಲ್ಲಿ ಅಂಡಾಣುವೊಂದು ಪಕ್ವವಾಗುವ ಹಂತಕ್ಕೆ ಬಂದಾಗ ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರಮಾಣ ರಕ್ತದಲ್ಲಿ ಏರುತ್ತದೆ. ಅದರ ಪ್ರಭಾವದಿಂದ ರಾಸಿನ ನಡವಳಿಕೆ ಕೆಲವು ಗಂಟೆಗಳ ಮಟ್ಟಿಗೆ ಬದಲಾಗುತ್ತದೆ. ಈ ಅವಧಿಯನ್ನೇ ಬೆದೆ ಎನ್ನುತ್ತೇವೆ. ಗರ್ಭ ಕಟ್ಟದಿದ್ದಲ್ಲಿ ಇದು ಸರಾಸರಿ 21 ದಿನಗಳಿಗೊಮ್ಮೆ ಮರುಕಳಿಸುತ್ತದೆ. 18ರಿಂದ 24 ದಿನಗಳ ಅಂತರ ಸಹಜವಾದುದು.

ಮಿಶ್ರತಳಿ ಹಸುಗಳಲ್ಲಿ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆಗಳವರೆಗೆ ಇರುತ್ತದೆ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ ಮುಂತಾದ ನಾಟಿ ತಳಿಗಳಲ್ಲಿ ಈ ಅವಧಿ ಇನ್ನೂ ಕಡಿಮೆ ಇರಬಹುದು ಮತ್ತು ಲಕ್ಷಣಗಳು ಅಷ್ಟು ಎದ್ದು ಕಾಣದಿರಬಹುದು. ರಾತ್ರಿ ಆರಂಭವಾದ ಬೆದೆ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಅರ್ಧ ಮುಗಿದಿರುವುದುಂಟು. ಗಮನಿಸಬೇಕಾದ ಮತ್ತೊಂದು ಅಂಶವೆಂದರೆ, ಅಂಡಾಣು ಬಿಡುಗಡೆಯಾಗುವುದು ಬೆದೆಯ ಆರಂಭದಲ್ಲಲ್ಲ. ಬೆದೆಯ ಲಕ್ಷಣಗಳು ಮುಗಿದ ಸುಮಾರು 10ರಿಂದ 14 ಗಂಟೆಗಳ ನಂತರ. ಗರ್ಭಧಾರಣೆಯ ಸಮಯದ ಲೆಕ್ಕವೆಲ್ಲವೂ ಈ ಒಂದು ಸಂಗತಿಯನ್ನೇ ಅವಲಂಬಿಸಿದೆ.

ಹಿಂಡಿನಲ್ಲಿ ಹೋರಿ ಮಾಡುತ್ತಿದ್ದ ಕೆಲಸ

ಹಿಂಡಿನೊಂದಿಗೆ ಹೋರಿ ಇದ್ದಾಗ ಬೆದೆಯನ್ನು ಗುರುತಿಸುವ ಹೊಣೆ ಯಾರಿಗೂ ಇರಲಿಲ್ಲ. ಹೋರಿಯೇ ಅದನ್ನು ನಿರ್ವಹಿಸುತ್ತಿತ್ತು. ಬೆದೆಗೆ ಬರಲಿರುವ ಹಸುವಿನ ಮೂತ್ರದಲ್ಲಿ ಹಾಗೂ ಯೋನಿದ್ವಾರದ ಸ್ರಾವದಲ್ಲಿ ವಿಶಿಷ್ಟ ವಾಸನೆಯ ಸಂಯುಕ್ತಗಳಿರುತ್ತವೆ. ಹೋರಿಯು ಮೂತ್ರವನ್ನು ಮೂಸಿ, ತಲೆಯನ್ನು ಮೇಲಕ್ಕೆತ್ತಿ, ಮೇಲ್ದುಟಿಯನ್ನು ಮಡಚಿ ನಿಲ್ಲುವುದನ್ನು ಎಲ್ಲರೂ ನೋಡಿರುತ್ತೀರಿ. ಇದು ಹೋರಿಯ ಚೇಷ್ಟೆಯಲ್ಲ. ಅಂಗುಳಿನ ಮೇಲ್ಭಾಗದಲ್ಲಿರುವ ವಿಶೇಷ ಘ್ರಾಣಾಂಗಕ್ಕೆ ಆ ಸಂಯುಕ್ತಗಳನ್ನು ತಲುಪಿಸುವ ಕ್ರಮವಿದು. ಹೀಗೆ ಪರೀಕ್ಷಿಸಿದ ಹೋರಿ, ಹಸು ಇನ್ನೂ ಒಪ್ಪದಿರುವಾಗಲೇ ಅದರ ಬೆನ್ನು ಹತ್ತಿ, ಬೇರೆ ಹೋರಿಗಳು ಸಮೀಪಿಸದಂತೆ ಕಾಯುತ್ತದೆ. ಹಸು ನಿಂತು ಒಪ್ಪಿದೊಡನೆ ಕೂಡುತ್ತದೆ; ಬೆದೆ ಮುಗಿಯುವವರೆಗೆ ಹಲವು ಬಾರಿ ಕೂಡುತ್ತದೆ. ಆದ್ದರಿಂದ ಸಮಯ ತಪ್ಪುವ ಸಂಭವ ಕಡಿಮೆ.

ಹಸುವಿನ ಕಡೆಯಿಂದಲೂ ಸೂಚನೆಗಳಿರುತ್ತವೆ. ಬೆದೆಗೆ ಬಂದ ಹಸು ಇತರ ಹಸುಗಳ ಮೇಲೆ ಏರುತ್ತದೆ, ಇತರ ಹಸುಗಳು ತನ್ನ ಮೇಲೆ ಏರಿದಾಗ ಕದಲದೆ ನಿಲ್ಲುತ್ತದೆ. ಬಯಲಿನಲ್ಲಿ ಹರಡಿ ಮೇಯುವ ಹಿಂಡಿನಲ್ಲಿ ಈ ದೃಶ್ಯ ದೂರದಲ್ಲಿರುವ ಹೋರಿಯ ಕಣ್ಣಿಗೂ ಬೀಳುತ್ತದೆ. ಹಸುಗಳಲ್ಲಿ ಈ ವರ್ತನೆ ಉಳಿದುಬಂದಿರುವುದಕ್ಕೆ ಇದೂ ಒಂದು ಕಾರಣವೆಂದು ಪ್ರಾಣಿ ವರ್ತನಾ ತಜ್ಞರು ಅಭಿಪ್ರಾಯಪಡುತ್ತಾರೆ.

ಕೃತಕ ಗರ್ಭಧಾರಣೆಯಲ್ಲಿ ಹೋರಿಯ ವೀರ್ಯ ಮಾತ್ರ ಬರುತ್ತದೆ, ಹೋರಿ ಬರುವುದಿಲ್ಲ. ಅದರ ಮೂಗು, ಕಣ್ಣು ಮತ್ತು ತಾಳ್ಮೆಯ ಕೆಲಸವನ್ನು ಈಗ ರಾಸಿನ ಮಾಲೀಕರೇ ಮಾಡಬೇಕಾಗಿದೆ. ಸಿಬ್ಬಂದಿಯ ಪರಿಣತಿ, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಖರಿಸಿದ ಉತ್ತಮ ವೀರ್ಯ, ಇವೆಲ್ಲವೂ ಆನಂತರದ ಮಾತು.

ನಮ್ಮ ರಾಜ್ಯಕ್ಕೆ ಈ ವಿಧಾನ ಹೊಸದೇನಲ್ಲ. ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ವೈಜ್ಞಾನಿಕ ಪ್ರಯತ್ನ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹಾಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಬಳಸಿ 33 ಹಸುಗಳು ಗರ್ಭ ಧರಿಸುವಂತೆ ಮಾಡಿದರು. ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿಯ ಕೇಂದ್ರೀಯ ಸಂಸ್ಥೆ 1969ರಲ್ಲಿ ಸ್ಥಾಪನೆಯಾಯಿತು.

ಹಸುವಿನಲ್ಲಿ ಕಾಣುವ ಲಕ್ಷಣಗಳು

ಇತರ ರಾಸುಗಳು ಮೇಲೇರಿದಾಗ ಓಡದೆ, ತಿರುಗಿ ಹಾಯದೆ, ನಿಂತಲ್ಲೇ ನಿಲ್ಲುವುದು ಬೆದೆಯ ಅತ್ಯಂತ ಖಚಿತವಾದ ಲಕ್ಷಣ. ಬೇರೆ ರಾಸಿನ ಮೇಲೆ ತಾನು ಏರುವ ಹಸು ಬೆದೆಯಲ್ಲಿರಬಹುದು, ಇಲ್ಲದೆಯೂ ಇರಬಹುದು. ಏರಿಸಿಕೊಂಡು ನಿಲ್ಲುವ ಹಸುವಂತೂ ಬೆದೆಯಲ್ಲಿರುತ್ತದೆ. ಈ ವ್ಯತ್ಯಾಸ ತಿಳಿಯದೆ ಬೇರೊಂದು ಹಸುವನ್ನೇ ಆಸ್ಪತ್ರೆಗೆ ಹೊಡೆದುಕೊಂಡು ಬಂದ ನಿದರ್ಶನಗಳಿವೆ.

ಯೋನಿದ್ವಾರದಿಂದ ಗಾಜಿನಂತೆ ತಿಳಿಯಾದ, ಎಳೆಯಾಗಿ ನೇತಾಡುವ ಲೋಳೆ ಸೋರುವುದು ಎರಡನೆಯ ಮುಖ್ಯ ಲಕ್ಷಣ. ಹಸು ಮಲಗಿದ್ದಾಗ ನೆಲದ ಮೇಲೆ, ಎದ್ದ ಮೇಲೆ ಬಾಲದ ಬುಡದಲ್ಲಿ ಅಥವಾ ಹಿಂಗಾಲಿನಲ್ಲಿ ಒಣಗಿದ ಲೋಳೆಯ ಗುರುತು ಕಾಣುತ್ತದೆ. ಯೋನಿಯ ತುಟಿಗಳು ಊದಿಕೊಂಡು, ಮೇಲಿನ ಸುಕ್ಕುಗಳು ಕಡಿಮೆಯಾಗಿ, ಒಳಭಾಗ ಕೆಂಪಾಗಿರುತ್ತದೆ. ಇವುಗಳ ಜೊತೆಗೆ ಚಡಪಡಿಕೆ, ಕೂಗುವುದು, ಮೇವಿನ ಮೇಲೆ ಮನಸ್ಸಿಲ್ಲದಿರುವುದು, ಹಾಲು ದಿಢೀರನೆ ಇಳಿಯುವುದು, ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಮೂತ್ರ ಮಾಡುವುದು ಕಂಡುಬರಬಹುದು. ಇವುಗಳಲ್ಲಿ ಯಾವುದೋ ಒಂದನ್ನೇ ನಂಬಿ ತೀರ್ಮಾನಿಸಬಾರದು. ಹಾಲು ಇಳಿಯಲು ಮತ್ತು ಮೇವು ಬಿಡಲು ರೋಗವೂ ಕಾರಣವಾಗಿರಬಹುದು.

ಇಲ್ಲಿ ಒಂದು ತೊಡಕಿದೆ. ನಮ್ಮ ಬಹುತೇಕ ಮಿಶ್ರತಳಿ ಹಸುಗಳು ಇಡೀ ದಿನ ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿಕೊಂಡಿರುತ್ತವೆ. ಮೂರು ಅಡಿ ಹಗ್ಗದಲ್ಲಿ ಕಟ್ಟಿದ ಹಸು ಬೇರೊಂದು ಹಸುವಿನ ಮೇಲೆ ಏರಲಾರದು. ಕೊಟ್ಟಿಗೆಯಲ್ಲಿ ಒಂಟಿಯಾಗಿದ್ದರೆ ಏರಲು ಮತ್ತೊಂದು ಹಸುವೂ ಇರುವುದಿಲ್ಲ. ಹಸು ಬೆದೆಗೇ ಬರುತ್ತಿಲ್ಲವೆಂದು ದೂರುವ ಮೊದಲು, ಬೆದೆಯನ್ನು ತೋರಿಸಲು ಅದಕ್ಕೆ ಅವಕಾಶ ಕೊಟ್ಟಿದ್ದೇವೆಯೇ ಎಂದು ಯೋಚಿಸುವುದು ಸೂಕ್ತ. ಬೆಳಿಗ್ಗೆ ಮತ್ತು ಸಂಜೆ ತಲಾ ಅರ್ಧ ಗಂಟೆ ರಾಸುಗಳನ್ನು ಮಣ್ಣಿನ ನೆಲದ ಅಂಗಳದಲ್ಲಿ ಬಿಚ್ಚಿ ಬಿಡಬೇಕು. ಜಾರುವ ಸಿಮೆಂಟ್ ನೆಲದಲ್ಲಿ ಹಸುಗಳು ಬೀಳುವ ಭಯದಿಂದ ಮೇಲೇರುವುದನ್ನೇ ಕಡಿಮೆ ಮಾಡುತ್ತವೆ. ಒಂಟಿ ಹಸುವಿರುವವರು ನೆರೆಯವರ ರಾಸುಗಳೊಂದಿಗೆ ಬಿಟ್ಟು ನೋಡಬಹುದು.

ಬೆದೆಯ ವರ್ತನೆ ರಾತ್ರಿಯಲ್ಲೂ ನಸುಕಿನಲ್ಲೂ ಹೆಚ್ಚು. ಆದುದರಿಂದ ಬೆಳಗಿನ ಐದಾರು ಗಂಟೆಯ ವೇಳೆಗೆ ಒಮ್ಮೆ, ರಾತ್ರಿ ಮಲಗುವ ಮೊದಲು ಮತ್ತೊಮ್ಮೆ, ಕನಿಷ್ಠ 20 ನಿಮಿಷ ರಾಸುಗಳನ್ನು ಗಮನಿಸತಕ್ಕದ್ದು. ಹಾಲು ಕರೆಯುವಾಗ, ಮೇವು ಹಾಕುವಾಗ ನೋಡಿದ್ದು ಲೆಕ್ಕಕ್ಕಿಲ್ಲ. ಆಗ ರಾಸಿನ ಗಮನವೂ ನಮ್ಮ ಗಮನವೂ ಬೇರೆಡೆ ಇರುತ್ತದೆ. ಮನೆಯಲ್ಲಿ ಹಾಲು ಕರೆಯುವ, ಸಗಣಿ ಬಾಚುವ ಕೆಲಸ ಮಾಡುವವರು ಹೆಚ್ಚಾಗಿ ಮಹಿಳೆಯರೇ ಆಗಿದ್ದು, ಲೋಳೆಯನ್ನು ಮೊದಲು ಕಾಣುವವರೂ ಅವರೇ. ಇಲಾಖೆಯ ತರಬೇತಿಗಳಿಗೆ ಮನೆಯ ಯಜಮಾನರಷ್ಟೇ ಬಂದರೆ ಸಾಲದೆಂಬುದು ನಮ್ಮ ಅಭಿಪ್ರಾಯ.

ಬೆದೆ ಮುಗಿದ ಎರಡು ಮೂರು ದಿನಗಳಲ್ಲಿ ಕೆಲವು ಹಸುಗಳಲ್ಲಿ, ವಿಶೇಷವಾಗಿ ಕಡಸುಗಳಲ್ಲಿ, ಲೋಳೆಯೊಂದಿಗೆ ರಕ್ತ ಕಾಣಿಸಿಕೊಳ್ಳುತ್ತದೆ. ರಕ್ತ ಬಂದರೆ ಗರ್ಭ ನಿಂತಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಇದು ಸರಿಯಲ್ಲ, ರಕ್ತವು ಗರ್ಭ ನಿಂತಿದೆಯೆಂದಾಗಲಿ ಇಲ್ಲವೆಂದಾಗಲಿ ತಿಳಿಸುವುದಿಲ್ಲ. ಬೆದೆ ಎರಡು ಮೂರು ದಿನಗಳ ಹಿಂದೆ ಬಂದು ಹೋಗಿದೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಬೆದೆ ತಪ್ಪಿಹೋಗಿದ್ದಲ್ಲಿ ಆ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಅಲ್ಲಿಂದ 16ನೇ ದಿನದಿಂದ ಹೆಚ್ಚಿನ ನಿಗಾ ವಹಿಸಬೇಕು.

ಎಮ್ಮೆಯ ಮೂಕ ಬೆದೆ

ಹಸು ಸಾಕಿ ಅನುಭವವಿದ್ದವರೂ ಎಮ್ಮೆಯ ವಿಷಯದಲ್ಲಿ ಎಡವುತ್ತಾರೆ. ಎಮ್ಮೆಗಳು ಬೆದೆಯಲ್ಲಿ ಒಂದರ ಮೇಲೊಂದು ಏರುವುದು ಅಪರೂಪ. ಲೋಳೆಯ ಪ್ರಮಾಣವೂ ಕಡಿಮೆಯಿದ್ದು, ನೇತಾಡದೆ ಒಳಗೇ ನಿಂತು, ಎಮ್ಮೆ ಮಲಗಿದಾಗ ಮಾತ್ರ ಹೊರಬರುತ್ತದೆ. ಅಂಡಾಶಯ ತನ್ನ ಕೆಲಸವನ್ನು ಕ್ರಮವಾಗಿ ಮಾಡುತ್ತಿದ್ದರೂ ಹೊರಗೆ ಲಕ್ಷಣಗಳು ಕಾಣದಿರುವ ಈ ಸ್ಥಿತಿಯನ್ನು ಮೂಕ ಬೆದೆ ಎಂದು ಕರೆಯಲಾಗುತ್ತದೆ.

ಮೂಕವಾಗಿರುವುದು ಮನುಷ್ಯರಿಗೆ ಮಾತ್ರ ಎಂಬುದನ್ನು ನೆನಪಿಡಬೇಕು. ಕೋಣ ಅದನ್ನು ವಾಸನೆಯಿಂದ ತಪ್ಪದೆ ಗುರುತಿಸುತ್ತದೆ. ಎಮ್ಮೆಯ ಸೂಚನೆಗಳು ಕಣ್ಣಿಗಿಂತ ಮೂಗಿಗೆ ಮೀಸಲಾದವು. ಈ ಕಾರಣದಿಂದಲೇ ಹೆಚ್ಚಿನ ಸಂಖ್ಯೆಯ ಎಮ್ಮೆಗಳಿರುವ ಕ್ಷೇತ್ರಗಳಲ್ಲಿ, ವೀರ್ಯನಾಳವನ್ನು ಕತ್ತರಿಸಿ ಗರ್ಭ ಕಟ್ಟಿಸಲಾಗದಂತೆ ಮಾಡಿದ ಕೋಣವನ್ನು ಬೆಳಿಗ್ಗೆ ಮತ್ತು ಸಂಜೆ ಎಮ್ಮೆಗಳ ನಡುವೆ ನಡೆಸಿ ಬೆದೆ ಪತ್ತೆ ಮಾಡಲಾಗುತ್ತದೆ. ಒಂದೆರಡು ಎಮ್ಮೆಗಳಿರುವ ಮನೆಗಳಲ್ಲಿ ಇದು ಸಾಧ್ಯವಿಲ್ಲ. ಅಂತಹವರು ಸಣ್ಣ ಸೂಚನೆಗಳನ್ನು ಕೂಡಿಸಿ ನೋಡಬೇಕಾಗುತ್ತದೆ: ಎಂದಿನಂತಲ್ಲದ ಕೂಗು, ಪದೇ ಪದೇ ಮೂತ್ರ, ಬಾಲವನ್ನು ಓರೆಯಾಗಿ ಎತ್ತಿ ಹಿಡಿಯುವುದು, ಯೋನಿಯ ತುಟಿಗಳ ಊತ, ಹಾಲು ಸೊರೆ ಬಿಡದಿರುವುದು. ಹೊತ್ತು ಮುಳುಗಿದ ಮೇಲೆ ಆರಂಭವಾಗಿ ಬೆಳಗಾಗುವಷ್ಟರಲ್ಲಿ ತಗ್ಗುವ ಬೆದೆಯೇ ಎಮ್ಮೆಗಳಲ್ಲಿ ಹೆಚ್ಚು. ಎಮ್ಮೆ ಮಲಗಿರುವಾಗ ಹಿಂಭಾಗವನ್ನು ಟಾರ್ಚ್ ಬೆಳಕಿನಲ್ಲಿ ನೋಡುವ ರೂಢಿಯನ್ನಿಟ್ಟುಕೊಂಡವರಿಗೆ ಬೆದೆ ತಪ್ಪುವುದು ಕಡಿಮೆ.

ಋತುಮಾನದ ಪ್ರಭಾವವೂ ಎಮ್ಮೆಗಳಲ್ಲಿ ಹೆಚ್ಚಾಗಿದೆ. ಹಗಲಿನ ಅವಧಿ ಕಡಿಮೆಯಾಗುತ್ತಾ ಹೋಗುವ ತಿಂಗಳುಗಳಲ್ಲಿ, ಅಂದರೆ ಮಳೆಗಾಲ ಮುಗಿಯುವ ಹೊತ್ತಿನಿಂದ ಚಳಿಗಾಲದವರೆಗೆ, ಅವು ಹೆಚ್ಚಾಗಿ ಬೆದೆಗೆ ಬರುತ್ತವೆ. ಬೇಸಿಗೆಯಲ್ಲಿ ಬೆದೆ ಕ್ಷೀಣಿಸುತ್ತದೆ. ಎಮ್ಮೆಯ ಗರ್ಭಾವಧಿ ಸುಮಾರು 310 ದಿನಗಳು. ಅಕ್ಟೋಬರ್ ನಡುವೆ ಗರ್ಭ ನಿಂತರೆ ಮುಂದಿನ ಆಗಸ್ಟ್ ತಿಂಗಳಿನಲ್ಲಿ, ನೀರು ಮತ್ತು ಹಸಿರು ಮೇವು ಹೇರಳವಾಗಿರುವಾಗ ಕರು ಹುಟ್ಟುತ್ತದೆ. ಕಾಡಿನಲ್ಲಿ ಕರು ಬದುಕುಳಿಯಲು ಅನುಕೂಲವಾಗಿದ್ದ ಈ ಕ್ರಮವನ್ನು ಎಮ್ಮೆ ಕೊಟ್ಟಿಗೆಗೆ ಬಂದ ಮೇಲೂ ಬಿಟ್ಟಿಲ್ಲ. ಬೇಸಿಗೆಯಲ್ಲಿ ಮೈಮೇಲೆ ನೀರೆರಚುವುದು, ಕೆರೆ ಅಥವಾ ಹೊಂಡದಲ್ಲಿ ಹೊರಳಲು ಬಿಡುವುದು, ನೆರಳು ಮತ್ತು ಹಸಿ ಮೇವಿನ ವ್ಯವಸ್ಥೆ, ಇವುಗಳಿಂದ ಬೇಸಿಗೆಯ ಕೊರತೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸಬಹುದು. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗಿನ ಬೆದೆಗಳನ್ನು ಕೈಬಿಟ್ಟವರು ಮುಂದಿನ ಮಳೆಗಾಲದವರೆಗೂ ಕಾಯಬೇಕಾಗಿ ಬರಬಹುದು.

ಗರ್ಭಧಾರಣೆಗೆ ಸರಿಯಾದ ಸಮಯ

ಬೆಳಿಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ನಿಯಮವನ್ನು ಬಹಳಷ್ಟು ಪಶುಪಾಲಕರು ಕೇಳಿರುತ್ತಾರೆ. 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಟ್ರಿಂಬರ್ಗರ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗಗಳಿಂದ ಈ ನಿಯಮ ರೂಪುಗೊಂಡಿತು. ಇದರ ತರ್ಕ ಸರಳವಾಗಿದೆ. ವೀರ್ಯಾಣುಗಳು ಗರ್ಭಕೋಶವನ್ನು ದಾಟಿ, ಅಂಡಾಣುವನ್ನು ಫಲಿತಗೊಳಿಸುವ ಶಕ್ತಿ ಪಡೆಯಲು ಕೆಲವು ಗಂಟೆಗಳು ಬೇಕು. ಆನಂತರ ಅವು ಒಂದು ದಿನದ ಆಸುಪಾಸು ಮಾತ್ರ ಸಮರ್ಥವಾಗಿರುತ್ತವೆ. ಬಿಡುಗಡೆಯಾದ ಅಂಡಾಣುವಿನ ಆಯುಷ್ಯ ಅದಕ್ಕಿಂತಲೂ ಕಡಿಮೆ. ಬೆದೆ ಕಂಡೊಡನೆ ಧಾವಿಸಿ ಗರ್ಭಧಾರಣೆ ಮಾಡಿಸಿದರೆ ಅಂಡಾಣು ಬರುವ ಮೊದಲೇ ವೀರ್ಯಾಣುಗಳು ಶಕ್ತಿ ಕಳೆದುಕೊಳ್ಳುತ್ತವೆ. ಎಲ್ಲ ಕೆಲಸ ಮುಗಿಸಿ ಮಾರನೆಯ ಸಂಜೆ ಬಂದರೆ ಅಂಡಾಣುವಿನ ಕಾಲ ಮುಗಿದಿರುತ್ತದೆ.

ಈ ನಿಯಮದಲ್ಲಿ ಲೆಕ್ಕ ಆರಂಭವಾಗುವುದು ಬೆದೆ ಆರಂಭವಾದಾಗಿನಿಂದ, ಮಾಲೀಕರು ನೋಡಿದಾಗಿನಿಂದಲ್ಲ. ರಾತ್ರಿ ಹತ್ತಕ್ಕೆ ಆರಂಭವಾದ ಬೆದೆಯನ್ನು ಬೆಳಿಗ್ಗೆ ಎಂಟಕ್ಕೆ ನೋಡಿ, ನಿಯಮದಂತೆ ಸಂಜೆ ಆರಕ್ಕೆ ಬಂದರೆ ಇಪ್ಪತ್ತು ಗಂಟೆಗಳು ಕಳೆದಿರುತ್ತವೆ. ಯಾವಾಗ ಆರಂಭವಾಯಿತೆಂಬುದು ಖಚಿತವಿಲ್ಲದಿದ್ದಲ್ಲಿ, ಕಂಡ ಕೂಡಲೇ ಸಂಸ್ಥೆಗೆ ತಿಳಿಸಿ, ಲೋಳೆ ಮತ್ತು ಗರ್ಭಕೋಶದ ಸ್ಥಿತಿಯನ್ನು ಪರೀಕ್ಷಿಸಿ ಸಮಯ ನಿರ್ಧರಿಸುವುದನ್ನು ಸಿಬ್ಬಂದಿಗೆ ಬಿಡುವುದು ಒಳ್ಳೆಯದು. ಮರುದಿನವೂ ಬೆದೆ ಮುಂದುವರಿದಿದ್ದರೆ ಮತ್ತೊಮ್ಮೆ ಗರ್ಭಧಾರಣೆ ಮಾಡಿಸಬೇಕಾಗಬಹುದು.

ಎಲ್ಲವೂ ಸರಿಯಿದ್ದಾಗಲೂ ಘನೀಕೃತ ವೀರ್ಯದಿಂದ ಒಂದೇ ಬಾರಿಗೆ ಗರ್ಭ ನಿಲ್ಲುವುದು ಹಳ್ಳಿಗಳ ಪರಿಸ್ಥಿತಿಯಲ್ಲಿ ಹತ್ತು ರಾಸುಗಳಲ್ಲಿ ಸುಮಾರು ಮೂರು ನಾಲ್ಕರಲ್ಲಿ ಮಾತ್ರ. ಮೊದಲ ಸೂಜಿ ಫಲಿಸದಿದ್ದರೆ ಅದನ್ನು ವೈಫಲ್ಯವೆಂದು ಪರಿಗಣಿಸಬೇಕಿಲ್ಲ. ಕ್ರಮವಾಗಿ ಬೆದೆಗೆ ಬರುತ್ತಿದ್ದು ಮೂರು ಬಾರಿಯೂ ನಿಲ್ಲದಿದ್ದರೆ ಮಾತ್ರ ನಾಲ್ಕನೆಯ ಸೂಜಿಯ ಬದಲು ಪಶುವೈದ್ಯರಿಂದ ತಪಾಸಣೆ ಮಾಡಿಸತಕ್ಕದ್ದು. ಲೋಳೆ ಮಬ್ಬಾಗಿದ್ದರೆ, ಕೀವಿನಂತಿದ್ದರೆ ಅಥವಾ ದುರ್ವಾಸನೆಯಿದ್ದರೆ ಗರ್ಭಕೋಶದ ಸೋಂಕಿರುತ್ತದೆ. ಆಗ ಮೊದಲು ಚಿಕಿತ್ಸೆ ಪಡೆಯಬೇಕು.

ಲಿಂಗ ನಿರ್ಧರಿತ ವೀರ್ಯದ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಬೇಡಿಕೆ ಹೆಚ್ಚಿದೆ. ಇದನ್ನು ಬಳಸಿದಾಗ ಹುಟ್ಟುವ ಕರುಗಳಲ್ಲಿ ಶೇಕಡ 90ರಷ್ಟು ಹೆಣ್ಣಾಗಿರುತ್ತವೆ. ಆದರೆ ಸಾಮಾನ್ಯ ವೀರ್ಯದ ಕಡ್ಡಿಯಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿದ್ದರೆ, ಇದರಲ್ಲಿ ಅದರ ಹತ್ತನೆಯ ಒಂದು ಭಾಗದ ಆಸುಪಾಸು ಮಾತ್ರ ಇರುತ್ತವೆ. ಹೀಗಾಗಿ ಸಮಯದಲ್ಲಿ ಆಗುವ ಸಣ್ಣ ತಪ್ಪನ್ನೂ ಇದು ಸಹಿಸುವುದಿಲ್ಲ. ಲಕ್ಷಣಗಳು ಸ್ಪಷ್ಟವಾಗಿರುವ, ಆರೋಗ್ಯವಂತ ಕಡಸುಗಳಿಗೆ ಇದನ್ನು ಬಳಸುವುದು ಲೇಸು. ಪದೇ ಪದೇ ಬೆದೆಗೆ ಮರಳುತ್ತಿರುವ ಹಸುವಿಗೆ ಇದನ್ನು ಕೋರುವುದು ಹಣವನ್ನು ಕಳೆದುಕೊಂಡಂತೆ.

ಬೆದೆಗೆ ಬಾರದ ರಾಸುಗಳು

ಕರು ಹಾಕಿದ 45ರಿಂದ 60 ದಿನಗಳಲ್ಲಿ ಹಸು ಮತ್ತೆ ಬೆದೆಗೆ ಬರಬೇಕು. ಎಮ್ಮೆಗೆ ಇನ್ನೂ ಸ್ವಲ್ಪ ಹೆಚ್ಚು ಕಾಲ ಬೇಕಾಗಬಹುದು. ಗರ್ಭಕೋಶ ಮೊದಲಿನ ಸ್ಥಿತಿಗೆ ಮರಳಲು ಸುಮಾರು ಆರು ವಾರಗಳು ಬೇಕಾಗುವುದರಿಂದ, ಅದಕ್ಕೂ ಮೊದಲಿನ ಬೆದೆಯಲ್ಲಿ ಗರ್ಭಧಾರಣೆ ಮಾಡಿಸುವುದು ಸೂಕ್ತವಲ್ಲ. ಮೂರು ತಿಂಗಳಾದರೂ ಬೆದೆ ಕಾಣದಿದ್ದರೆ ಕಾರಣ ಹುಡುಕಬೇಕು. ಹೊಟ್ಟೆಗೆ ಸಾಲದ ರಾಸು ಮೊದಲು ನಿಲ್ಲಿಸುವುದು ಸಂತಾನದ ಕೆಲಸವನ್ನೇ. ಕರುವಿಗೆ ಹಾಲೂಡುವ ಮತ್ತು ಡೇರಿಗೆ ಹಾಲು ಕೊಡುವ ಹೊರೆ ಹೊತ್ತು ಸೊರಗಿದ ಹಸು ಮತ್ತೊಂದು ಗರ್ಭಕ್ಕೆ ಸಿದ್ಧವಾಗುವುದಿಲ್ಲ. ಜಂತುನಾಶಕ ನೀಡುವುದು, ದಿನಕ್ಕೆ 30ರಿಂದ 50 ಗ್ರಾಂ ಖನಿಜ ಲವಣ ಮಿಶ್ರಣ, ಹಸಿರು ಮೇವು, ಇಷ್ಟರಿಂದಲೇ ಅನೇಕ ರಾಸುಗಳು ಬೆದೆಗೆ ಮರಳುತ್ತವೆ. ಕಡಸು ಮತ್ತು ಮಣಕಗಳಲ್ಲಿ ವಯಸ್ಸಿಗಿಂತ ದೇಹದ ತೂಕ ಮುಖ್ಯ. ಮಿಶ್ರತಳಿ ಕಡಸು ಸುಮಾರು 250 ಕೆ.ಜಿ. ತೂಗುವವರೆಗೆ ಕಾಯಬೇಕು.

ಬೆದೆ ಬರಿಸುವ ಚುಚ್ಚುಮದ್ದುಗಳನ್ನು ಔಷಧಿ ಅಂಗಡಿಯಿಂದ ತಂದು ತಾವೇ ಹಾಕಿಸಬಾರದು. ರಾಸು ಬೆದೆಗೆ ಬಾರದಿರಲು ಅದು ಈಗಾಗಲೇ ಗಬ್ಬವಾಗಿರುವುದೇ ಕಾರಣವಾಗಿದ್ದರೆ, ಅಂತಹ ಕೆಲವು ಚುಚ್ಚುಮದ್ದುಗಳಿಂದ ಕಂದು ಹಾಕುತ್ತದೆ. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು: ಗಬ್ಬವಾಗಿರುವ ಕೆಲವು ಹಸುಗಳು ಬೆದೆಯ ಲಕ್ಷಣಗಳನ್ನು ತೋರಿಸುತ್ತವೆ. ಹಿಂದೆ ಗರ್ಭಧಾರಣೆ ಮಾಡಿಸಿದ ವಿಷಯವನ್ನು ಮುಚ್ಚಿಟ್ಟು ಮತ್ತೊಮ್ಮೆ ಮಾಡಿಸಿದಾಗ ಗರ್ಭಕೋಶದೊಳಗೆ ಉಪಕರಣ ತಾಗಿ ಬೆಳೆಯುತ್ತಿರುವ ಗರ್ಭ ನಷ್ಟವಾಗಬಹುದು. ಅವಳಿ ಕರುಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಹುಟ್ಟಿದರೆ ಆ ಹೆಣ್ಣು ಕರು ಬಹುತೇಕ ಗೊಡ್ಡಾಗಿರುತ್ತದೆ. ಅಂತಹ ಕರುವನ್ನು ವರ್ಷಗಟ್ಟಲೆ ಸಾಕಿ ಬೆದೆಗೆ ಕಾಯುವ ಮೊದಲು ತಪಾಸಣೆ ಮಾಡಿಸುವುದು ಅಗತ್ಯ.

ಊರಿನ ಹೋರಿಗೆ ಬಿಡುವವರು ಎರಡು ಸಂಗತಿಗಳನ್ನು ಅರಿತಿರಬೇಕು. ಕಂದು ರೋಗವೂ ಸೇರಿದಂತೆ ಹಲವು ಸೋಂಕುಗಳು ಹೋರಿಯ ಮೂಲಕ ಒಂದು ಕೊಟ್ಟಿಗೆಯಿಂದ ಮತ್ತೊಂದಕ್ಕೆ ಹರಡಬಲ್ಲವು. ಒಂದೇ ಹೋರಿ ಬಹುಕಾಲ ಊರಿನಲ್ಲಿದ್ದರೆ ಅದು ತನ್ನ ಮಗಳನ್ನೇ ಕೂಡುವ ಸಂಭವವಿದ್ದು, ಹುಟ್ಟುವ ಕರುಗಳು ದುರ್ಬಲವಾಗುತ್ತವೆ. ಕಂದು ರೋಗದ ವಿರುದ್ಧ 4ರಿಂದ 8 ತಿಂಗಳ ವಯಸ್ಸಿನ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಲಸಿಕೆ ಹಾಕಿಸತಕ್ಕದ್ದು.

ಸೇವೆ ಪಡೆಯುವಾಗ

ಬೆದೆ ಕಂಡ ಕೂಡಲೇ ಸಮೀಪದ ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯ, ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ ಅಥವಾ ಹಾಲು ಉತ್ಪಾದಕರ ಸಹಕಾರ ಸಂಘದ ಕೃತಕ ಗರ್ಭಧಾರಣಾ ಕಾರ್ಯಕರ್ತರಿಗೆ ತಿಳಿಸುವುದು. ಬೆದೆಯ ಮೊದಲ ಲಕ್ಷಣವನ್ನು ಯಾವ ದಿನ, ಎಷ್ಟು ಗಂಟೆಗೆ ಕಂಡಿರಿ, ಯಾವ ಲಕ್ಷಣ ಕಂಡಿರಿ, ಹಿಂದಿನ ಬೆದೆ ಯಾವಾಗ ಬಂದಿತ್ತು, ಕೊನೆಯ ಬಾರಿ ಕರು ಹಾಕಿದ್ದು ಯಾವಾಗ, ಆಗ ಮಾಸು ತಾನಾಗಿ ಬಿದ್ದಿತೇ ಎಂಬುದನ್ನು ಹೇಳಬೇಕು. ರಾಸಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಕಿವಿಯೋಲೆ ಕಳೆದುಹೋಗಿದ್ದರೆ ಅದೇ ಸಂದರ್ಭದಲ್ಲಿ ಹೊಸದನ್ನು ಹಾಕಿಸಿಕೊಳ್ಳಬಹುದು.

ರಾಸನ್ನು ಸಂಸ್ಥೆಗೆ ಕರೆತರುವುದಾದರೆ ಬಿಸಿಲೇರುವ ಮೊದಲು ನಿಧಾನವಾಗಿ ನಡೆಸಿಕೊಂಡು ಬಂದು, ನೆರಳಿನಲ್ಲಿ ಸ್ವಲ್ಪ ಹೊತ್ತು ದಣಿವಾರಿಸಿದ ನಂತರವೇ ಗರ್ಭಧಾರಣೆ ಮಾಡಿಸುವುದು. ಹೆದರಿದ, ಏದುಸಿರು ಬಿಡುತ್ತಿರುವ ರಾಸಿನಲ್ಲಿ ಸ್ರವಿಸುವ ಹಾರ್ಮೋನುಗಳು ಗರ್ಭಕೋಶದ ಚಲನೆಗೆ ಅಡ್ಡಿಯಾಗುತ್ತವೆ. ಸೂಜಿ ಹಾಕಿಸಿದ ಮೇಲೆ ರಾಸು ಮಲಗಬಾರದು, ನೀರು ಕುಡಿಯಬಾರದು ಎಂಬ ಮಾತಿಗೆ ಆಧಾರವಿಲ್ಲ. ಎಂದಿನಂತೆ ಮೇವು, ನೀರು ಕೊಟ್ಟು ನೆರಳಿನಲ್ಲಿ ಕಟ್ಟಿದರೆ ಸಾಕು.

ವೀರ್ಯದ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಮುದ್ರಿತವಾಗಿರುತ್ತದೆ. ಅದನ್ನು ಕೇಳಿ ಬರೆದಿಟ್ಟುಕೊಳ್ಳುವುದು ಪಶುಪಾಲಕರ ಹಕ್ಕು. ಹುಟ್ಟಿದ ಕಡಸು ಬೆದೆಗೆ ಬಂದಾಗ ಅದೇ ಹೋರಿಯ ವೀರ್ಯ ಬಳಕೆಯಾಗದಂತೆ ತಡೆಯಲು ಆ ಸಂಖ್ಯೆ ಬೇಕಾಗುತ್ತದೆ. ಗರ್ಭಧಾರಣೆಯ ದಿನದಿಂದ 18ನೇ ದಿನಕ್ಕೆ ಮತ್ತೆ ನಿಗಾ ಆರಂಭಿಸಬೇಕು. 24ನೇ ದಿನದವರೆಗೆ ಬೆದೆ ಕಾಣದಿದ್ದರೂ ಗರ್ಭ ನಿಂತಿದೆಯೆಂದು ತೀರ್ಮಾನಿಸದೆ, ಮುಖ್ಯವಾಗಿ ಎಮ್ಮೆಗಳಲ್ಲಿ, 60ರಿಂದ 90 ದಿನಗಳ ನಡುವೆ ಗರ್ಭ ತಪಾಸಣೆ ಮಾಡಿಸತಕ್ಕದ್ದು.